ಒಪ್ಪತ್ತಿನ ಊಟ, ಮೂರು ಹೊತ್ತಿನ ಗುಳಿಗೆ

"ಈ ಸಲ ಪರ್ವದಾಗ ಹತ್ತೂ ದಿನ ನಾನೂ ಏಕಾಶನ ಮಾಡಾಂವ!"

ಹೀಗೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಂಗಲ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿಬಿಟ್ಟಳು.

"ಯಾರು, ನೀವು?"

"ನಾನ! ಬಾಪುಸಾಹೇಬ ಒಮ್ಮೆ ಹೇಳಿದಾ ಅಂದ್ರ ಮುಗೀತು!"

"ನಮ್ಮ ಬೋರಗಾಂವದಾಗ ಭಾಳ ಮಂದಿ ಬಾಪುಸಾಹೇಬ ಅದಾರ. ನಾಷ್ಟಾ ಆಗಿ ಊಟದ ತನಕ ತಡೀಲಾರದ ನಿನ್ನೆ ಚಕ್ಕಲಿ ಡಬ್ಬಿ ಖಾಲಿ ಮಾಡಿದ ಬಾಪುಸಾಹೇಬ ನೀವ ಹೌದಲ್ರಿ?"

ಏಕಾಶನವೆಂದರೆ ದಿನಕ್ಕೊಂದೇ ಊಟ. ನೀರೂ ಆ ಊಟದ ಜೊತೆಗೇ. ಎದ್ದ ಮೇಲೆ ಮರುದಿನದವರೆಗೆ ಬಾಯಿಗೆ ಬೀಗ! ಭಾದ್ರಪದದಲ್ಲಿ ಕ್ಷಮೆ, ಮಾರ್ದವ, ಸಂಯಮ ಎಂದು ದಿನಕ್ಕೊಂದು ಧರ್ಮದಂತೆ ಹತ್ತು ದಿನ ನಡೆಯುವ ನಮ್ಮ ಜೈನರ ದಶಲಕ್ಷಣ ಪರ್ವದಲ್ಲಿ ಮಂಗಲ ಇದನ್ನು ಪ್ರತಿ ವರ್ಷ ಸದ್ದಿಲ್ಲದೆ ಮಾಡುತ್ತಾಳೆ. ನಾನು ಪ್ರತಿ ವರ್ಷ ಸದ್ದು ಮಾಡುತ್ತಾ ಮೂರು ಹೊತ್ತು ಉಣ್ಣುತ್ತೇನೆ. ಹೋದ ವರ್ಷ ಅವಳ ಅಣ್ಣ, ಬೇಡಕಿಹಾಳದ ಆಬಾಸಾಹೇಬರು ತುಂಬಿದ ಬಸದಿಯಲ್ಲಿ ತಂಗಿಯ ಗಂಡನಾದ ನನ್ನನ್ನು ಹಿಡಿದು, "ದಾಜಿ, ನಿಮ್ಮ ಪಾಲಿನ ವ್ರತಾನೂ ನಮ್ಮ ತಂಗೀನ ಮಾಡ್ತಾಳ, ಆಕಿ ಪಾಲಿನ ಊಟಾನೂ ನೀವ ಮಾಡ್ತೀರಿ, ಸಂಸಾರ ಬರೋಬರಿ ನಡದೈತಿ" ಎಂದಿದ್ದರು. ಊರೆಲ್ಲ ನಕ್ಕಿತ್ತು. ಆ ನಗು ವರ್ಷವಿಡೀ ನನ್ನ ಕಿವಿಯಲ್ಲಿ ನಮ್ಮ ಪವರ್‌ಲೂಮಿನಂತೆ ಖಟಖಟ ಎನ್ನುತ್ತಲೇ ಇತ್ತು. ಈ ಸಲ ಮಾನ ಉಳಿಸಿಕೊಳ್ಳಲೇಬೇಕು!

ಆದರೆ ಪರ್ವ ಬಾಗಿಲಿಗೆ ಬಂದಾಗ ಸೀನೂ ಬಂತು. ಮಗ್ಗದ ಹತ್ತಿಯ ಧೂಳು, ಮೇಲೆ ಜಿಟಿಜಿಟಿ ಮಳೆ. ಒಮ್ಮೆ ಶುರುವಾದರೆ ಓಣಿಯ ನಾಯಿಗಳು ಎದ್ದು ಓಡುವಂಥ ಸೀನು! ನಿಪ್ಪಾಣಿಗೆ ಹೋಗಿ ಡಾಕ್ಟರ್ ನೀಲಮ ಅವರಿಗೆ ತೋರಿಸಿದೆ. ಗುಳಿಗೆ ಬರೆದುಕೊಟ್ಟರು. ಮುಂಜಾನೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು.

ಮನೆಗೆ ಬಂದ ಮೇಲೆ ಧರ್ಮಸಂಕಟ. ಬಾಯಿ ತೆರೆಯುವುದು ಒಂದು ಹೊತ್ತು, ಗುಳಿಗೆ ಮೂರು ಹೊತ್ತು!

"ಮೇಡಮ್ಮಾರಿಗೆ ಒಂದ ಫೋನ್ ಹಚ್ಚಿ ಕೇಳ್ರಿ" ಎಂದಳು ಮಂಗಲ.

"ಇಷ್ಟಕ್ಕ ಫೋನ್ ಯಾಕ? ಮೂರು ಹೊತ್ತಿನ ಊಟ ಒಂದ ಹೊತ್ತಿಗೆ ಹೊಡದ್ರ ದಿನಾಪೂರ್ತಿ ತಡೀತೈತಿ ಹೌದಿಲ್ಲೋ? ಗುಳಿಗೀನೂ ಅದ ಹೊಟ್ಟಿಗೆ ಹೋಗೂದು!"

"ಅದು ಊಟಾರೀ, ಇದು ಔಷಧ."

"ಎರಡೂ ಹೋಗೂ ದಾರಿ ಒಂದ!"

ಜಗತ್ತಿನ ವೈದ್ಯಶಾಸ್ತ್ರಕ್ಕೆ ಹೊಳೆಯದ ಸತ್ಯ ನನಗೆ ಹೊಳೆದಿತ್ತು. ಮೊದಲ ದಿನ ಮಧ್ಯಾಹ್ನ ರೊಟ್ಟಿಗಳ ರಾಶಿಯನ್ನು ಕರಗಿಸಿ, ಕೊನೆಗೆ ಮೂರೂ ಗುಳಿಗೆಗಳನ್ನು ಒಂದೇ ಗುಟುಕಿಗೆ ಇಳಿಸಿದೆ. ಸೀನು ಗಪ್‌ಚಿಪ್! ಮಂಗಲಳ ಕಡೆಗೆ ನೋಡಿ ಮೀಸೆ ತಿರುವಲು ಕೈ ಎತ್ತಿದೆ. ಕೈ ಮೀಸೆ ಮುಟ್ಟುವ ಮೊದಲೇ ನಿದ್ದೆ ಹತ್ತಿತು. ಸಂಜೆ ಅವಳು ಎಬ್ಬಿಸಿದಾಗ ಇದು ಯಾರ ಮನೆ ಎಂದು ಕೇಳಿದೆನಂತೆ.

ಮರುದಿನ ಮುಂಜಾನೆ ಮಡಿಯುಟ್ಟು ಹಾಲಿನ ಕಲಶ ಹಿಡಿದು ಬಸದಿಯಲ್ಲಿ ಪಂಡಿತರ ಹಿಂದೆ ಅಭಿಷೇಕಕ್ಕೆ ನಿಂತೆ. ಆಗ ಮೂಗಿನ ತುದಿಯಲ್ಲಿ ಇರುವೆ ಹರಿದಂತಾಯಿತು. ಆ... ಆಕ್ಷೀ! ಹಾಲಷ್ಟೂ ಪಂಡಿತರ ತಲೆಯ ಮೇಲೆ! ಭಗವಂತನಿಗಿಂತ ಮೊದಲು ಪಂಡಿತರಿಗೆ ಅಭಿಷೇಕವಾಗಿತ್ತು.

"ಕ್ಷಮಾದ ದಿನ ನಿನ್ನೇನ ಮುಗದೈತಿ. ಆದ್ರ ಇವತ್ತ ಉತ್ತಮ ಮಾರ್ದವ, ಮೆತ್ತಗಿರೂ ದಿನ, ಇಲ್ಲಂದ್ರ ಬಿಡತಿದ್ದಿಲ್ಲ" ಎಂದರು ಅವರು, ಗಡ್ಡದ ಹಾಲು ಒರೆಸಿಕೊಳ್ಳುತ್ತಾ.

ಮುಂದೆ ದಿನವೂ ಇದೇ ಕತೆ. ಮಧ್ಯಾಹ್ನ ಕುಂಭಕರ್ಣ, ಮುಂಜಾನೆ ಪಟಾಕಿ. ಮುಂಜಾನೆ ಸೀನು ಬರುತ್ತದೆ ಎಂದರೆ ಔಷಧ ಸಾಲುತ್ತಿಲ್ಲ ಎಂದು ತೀರ್ಮಾನಿಸಿ ಆರನೆಯ ದಿನ ಮೂರು ನುಂಗಿದ ಮೇಲೆ ನಾಲ್ಕನೆಯ ಗುಳಿಗೆಗೆ ಕೈ ಹಾಕಿದೆ. ಮಂಗಲ ಡಬ್ಬಿಯನ್ನೇ ಕಸಿದುಕೊಂಡು ಸೆರಗಿಗೆ ಕಟ್ಟಿಕೊಂಡಳು.

ಅವತ್ತು ಮಧ್ಯಾಹ್ನ ಬಸದಿಯಲ್ಲಿ ಪ್ರವಚನ. ವಿಷಯ ಉತ್ತಮ ಸಂಯಮ. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಮುಂದಿನದನ್ನು ನಾನು ನೋಡಿಲ್ಲ, ಮಂಗಲ ಹೇಳಿದ್ದು.

"ಕಡೀ ಎರಡ ದಿನ ಪೂರ್ತಿ ಉಪಾಸ ಮಾಡವ್ರು ಯಾರರ ಅದೀರೇನು?" ಎಂದರಂತೆ ಪಂಡಿತರು.

ನನ್ನ ತಲೆ ಮುಂದಕ್ಕೆ ಬಾಗಿತಂತೆ.

"ಬಾಪುಸಾಹೇಬ್ರ! ಖರೇನ?"

ತಲೆ ಇನ್ನಷ್ಟು ಬಾಗಿತಂತೆ.

"ಅನ್ನಾನೂ ಬ್ಯಾಡ, ನೀರೂ ಬ್ಯಾಡ?"

ಗದ್ದ ಎದೆಗೆ ಬಡಿಯಿತಂತೆ!

ಚಪ್ಪಾಳೆಯ ಸದ್ದಿಗೆ ಕಣ್ಣು ಬಿಟ್ಟರೆ ನನ್ನ ಹೆಗಲ ಮೇಲೆ ಶಾಲು. ಎದುರಿಗೆ ಆಬಾಸಾಹೇಬರು, ಕಣ್ಣಲ್ಲಿ ನೀರು!

"ತಪ್ಪಾತ್ರಿ ದಾಜಿ! ನಿಮ್ಮನ್ನ ಬರೇ ತಿನ್ನಾಂವ ಅಂತ ತಿಳದಿದ್ದೆ!"

ಈಗ ಹೇಗೆ ಹೇಳಲಿ, ಒಪ್ಪಿದ್ದು ನಾನಲ್ಲ, ಗುಳಿಗೆ ಎಂದು?

ಮಂಗಲ ಅವತ್ತೇ ನನ್ನನ್ನು ನಿಪ್ಪಾಣಿಗೆ ಎಳೆದುಕೊಂಡು ಹೋದಳು. ನೀಲಮ ಮೇಡಂ ಎಲ್ಲ ಕೇಳಿ ಮೊದಲು ನಕ್ಕರು, ಆಮೇಲೆ ಚೆನ್ನಾಗಿ ಬೈದರು.

"ಗಾಡಿ ಹೊಡಿಯೂ ಮುಂದ ಹಿಂಗ ನಿದ್ದಿ ಹತ್ತಿದ್ರ ಏನ್ ಗತಿ ಇತ್ತು? ಔಷಧಕ್ಕೂ ಅರ್ಧಾಯುಷ್ಯ ಅಂತ ಇರತೈತ್ರಿ. ಇಷ್ಟು ತಾಸಿಗೆ ಅರ್ಧ ಇಳೀತೈತಿ, ಮತ್ತಷ್ಟು ತಾಸಿಗೆ ಉಳದದ್ದರ ಅರ್ಧ. ಈ ಗುಳಿಗಿ ಲಗೂನ ಇಳಿಯೂವಂಥಾದ್ದು. ಅದು ಪೂರಾ ಇಳಿಯೂದರೊಳಗ ಮುಂದಿಂದು ಬಂದು ಕೂಡಲಿ ಅಂತ ಮೂರು ಹೊತ್ತಿಗೆ ಹಂಚಿ ಬರದಿದ್ದೆ. ಕಬ್ಬಿಗೆ ಮೂರು ಪಾಳಿ ನೀರು ಒಂದ ದಿನ ಬಿಟ್ರ ಏನಾಗತೈತಿ?"

"ಕಬ್ಬು ಮಲಗತೈತ್ರಿ."

"ಆಮ್ಯಾಲ ನೀರು ಇಲ್ಲದ?"

"ಒಣಗತೈತ್ರಿ."

"ನೀವೂ ಹಂಗ. ಮಧ್ಯಾಹ್ನ ಮಲಗತೀರಿ, ಮುಂಜಾನೆ ಸೀನತೀರಿ. ಒಪ್ಪತ್ತು ಅಂತ ಒಂದ ಮಾತು ಹೇಳಿದ್ರ, ಸಾವಕಾಶ ಇಳಿಯೂ ಗುಳಿಗಿ ಕೊಡತಿದ್ದೆ. ದಿನಕ್ಕ ಒಂದ ಸಾಕು, ನಿದ್ದೀನೂ ಅಷ್ಟು ಬರೂದಿಲ್ಲ. ಉಪಾಸದ ದಿನ ಬಿಟ್ರೂ ಒಮ್ಮೆಲೇ ಖಾಲಿ ಆಗಂಗಿಲ್ಲ."

ಮಂಗಲ ಫೋನನ್ನು ಮೆಲ್ಲಗೆ ನನ್ನ ಮುಂದೆ ಸರಿಸಿದಳು.

ಸೋತರೂ ನನ್ನ ಲೆಕ್ಕದ ಬುದ್ಧಿ ಸುಮ್ಮನಿರಬೇಕಲ್ಲ! "ಮೇಡಂ, ಅರ್ಧ, ಅರ್ಧದ ಅರ್ಧ ಅಂತ ಹೋದ್ರ ಆ ಮೊದಲಿನ ಗುಳಿಗಿ ಎಂದೂ ಪೂರ್ತಿ ಇಳಿಯಂಗಿಲ್ಲಲ್ರಿ?"

"ಲೆಕ್ಕದಾಗ ಇಳಿಯಂಗಿಲ್ಲ. ಮೈಯಾಗ ನಾಕೈದು ಸಲ ಅರ್ಧ ಆತಂದ್ರ ಇಲ್ಲದಂಗ. ನಡೀರಿನ್ನ!" ಎಂದು ರಕ್ತದೊತ್ತಡ ನೋಡಿ ಕಳಿಸಿದರು.

ಹೊಸ ಗುಳಿಗೆ ಪವಾಡ ಮಾಡಿತು. ಸೀನಿಲ್ಲ, ನಿದ್ದೆಯಿಲ್ಲ, ಮೂಗು ಹೊಸ ಹೆದ್ದಾರಿಯಷ್ಟು ಸಾಫು! ಉಪವಾಸದ ಎರಡು ದಿನ ಅದೇ ನನ್ನ ವೈರಿಯಾಯಿತು. ಪಕ್ಕದ ಮನೆಯ ಸಕ್ಕುಬಾಯಿ ಒಗ್ಗರಣೆಗೆ ಸಾಸಿವೆ ಹಾಕಿದ್ದು, ಬೆಳ್ಳುಳ್ಳಿ ಜಜ್ಜಿದ್ದು, ಭಜಿ ಕರಿದದ್ದು, ಒಂದೊಂದೂ ಹೆಸರು ಹಿಡಿದು ಕರೆದಂತೆ ಬಂದು ಮೂಗಿಗೆ ಹೊಕ್ಕಿತು.

"ಮಂಗಲ, ಆ ಹಳೇ ಗುಳಿಗಿ ಒಂದ ಕೊಡ. ಮಲಗೇರ ಮಲಗತೇನಿ" ಎಂದು ಗೋಗರೆದೆ.

"ಉಪಾಸದಾಗ ಬಾಯಿ ತೆರಿಯಂಗಿಲ್ರೀ" ಎಂದಳು.

ಅಂತೂ ಪಾರಣೆಯ ಮುಂಜಾನೆ ಬಂತು. ಮಂದಿಯೆಲ್ಲ ಸೇರಿದ್ದರು. ಮಂಗಲ ಮೊದಲ ಬಟ್ಟಲು ಹೆಸರುಬೇಳೆ ಕಟ್ಟನ್ನು ತನ್ನ ಕೈಯಾರೆ ಕೊಟ್ಟಾಗ, ಸುಳ್ಳೇಕೆ, ನನಗೆ ಅಳುವೇ ಬಂತು. ವರ್ಷವರ್ಷ ಇಷ್ಟು ಕಷ್ಟದ ವ್ರತವನ್ನು ಇವಳು ನನಗೆ ಮೂರು ಹೊತ್ತು ಬಡಿಸುತ್ತಲೇ ಮಾಡಿದ್ದಳಲ್ಲ! ಇನ್ನು ಜನ್ಮದಲ್ಲಿ ದೊಡ್ಡ ಮಾತು ಆಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಅಷ್ಟರಲ್ಲಿ ಆಬಾಸಾಹೇಬರು ಎದ್ದು ನಿಂತು ನನಗೆ ಹಾರ ಹಾಕಿದರು.

"ಬೋರಗಾಂವಕ್ಕ ಕೀರ್ತಿ ತಂದ್ರಿ ದಾಜಿ! ನಿಮ್ಮಂಥವ್ರು ಸುತ್ತಲಿನ ಪಂಚಕ್ರೋಶಿಯ ಹಳ್ಳಿಯೊಳಗ ಇಲ್ಲ! ಮುಂದಿನ ವರ್ಷ ಹತ್ತೂ ದಿನ ಪೂರ್ತಿ ಉಪಾಸ ಮಾಡೂಣಲ್ರಿ?"

ಎಲ್ಲರ ಕಣ್ಣೂ ನನ್ನ ಮೇಲೆ. ಎದೆ ಉಬ್ಬಿತು. ತಲೆ, ಪೂರ್ತಿ ಎಚ್ಚರದಲ್ಲಿದ್ದ ನನ್ನದೇ ತಲೆ, ಗಂಭೀರವಾಗಿ ಮುಂದಕ್ಕೆ ಬಾಗಿತು!

ಚಪ್ಪಾಳೆಯ ನಡುವೆ ಮಂಗಲ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಅಣ್ಣನ ಕಡೆಗೆ ತಿರುಗಿದಳು.

"ಅಣ್ಣಾ, ಇವರ ಮಾತು ಹಿಡೀಬ್ಯಾಡ. ಹಳೇ ಗುಳಿಗಿ ಇನ್ನೂ ಪೂರ್ತಿ ಇಳದಿಲ್ಲ!"