ನಾಲ್ಕು ನಿಮಿಷದ ಫೋಟೋ

ಫ್ಲ್ಯಾಶಣ್ಣನ ಕಷ್ಟಕ್ಕೆಲ್ಲ ಕಾರಣ ಫಾದರ್ ಹೇಳಿದ ಎರಡೇ ಮಾತು. "ಫ್ಲ್ಯಾಶ್ ಹಾಕ್ಬಾರ್ದು. ಫೋಟೋದಲ್ಲಿ ಒಂದು ನರಪಿಳ್ಳೆಯೂ ಇರ್ಬಾರ್ದು."

ಮೊದಲ ಮಾತಿಗೆ ಕಾರಣವಿತ್ತು. ಆ ಹಳೇ ಚರ್ಚಿನಲ್ಲಿ ಪೀಠದ ಹಿಂದಿನ ಗೋಡೆಯ ಮೇಲೆ ಮುನ್ನೂರು ವರ್ಷದ ಚಿತ್ರವಿತ್ತು. ಜೋರು ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ ಎಂದು ತಿಳಿದವರು ಹೇಳಿದ್ದರು. ಎರಡನೆಯದಕ್ಕೆ ಇನ್ನೂ ದೊಡ್ಡ ಕಾರಣವಿತ್ತು. ಹಿಂದೊಮ್ಮೆ ಚರ್ಚಿನ ಪುಸ್ತಕಕ್ಕೆ ಫೋಟೋ ತೆಗೆಸುವಾಗ, ಮುಂದಿನ ಸಾಲಲ್ಲಿ ಯಾರು ನಿಲ್ಲಬೇಕೆಂದು ಕಮಿಟಿಯವರು ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದರು. ಈ ಸಲದ ಪುಸ್ತಕದಲ್ಲಿ ಕಟ್ಟಡ ಮಾತ್ರ ಇರಲಿ ಎಂದು ಫಾದರ್ ತೀರ್ಮಾನಿಸಿದ್ದರು.

ಫ್ಲ್ಯಾಶಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೆಂಡತಿಯ ಅಣ್ಣನ ಸ್ಟುಡಿಯೋದಲ್ಲಿ ಹನ್ನೊಂದು ವರ್ಷದಿಂದ ನೀಲಿ ಪರದೆ ಕಟ್ಟಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. "ಗಲ್ಲ ಮೇಲೆ, ಕಣ್ಣು ಮುಚ್ಬೇಡಿ" ಎಂದು ಛಕ್ಕನೆ ಬೆಳಕು ಹೊಡೆದರೆ ಅವನ ಕಲೆ ಮುಗಿಯಿತು. ಎದುರಿನವರು ತಪ್ಪದೆ ಕಣ್ಣು ಮುಚ್ಚುತ್ತಿದ್ದರು. ಹೊರಗಿನ ಕೆಲಸ ಒಂದಾದರೂ ಕೊಡಿ ಎಂದು ಭಾವನ ಪ್ರಾಣ ತಿಂದು ಈ ಚರ್ಚಿನ ಕೆಲಸ ಗಿಟ್ಟಿಸಿದ್ದ.

"ನೋಡಪ್ಪಾ, ಇದು ಚೆನ್ನಾಗಿ ಬಂದ್ರೆ ಇನ್ಮೇಲೆ ಹೊರಗಿನ ಕೆಲಸ ಎಲ್ಲಾ ನಿಂದೇ," ಎಂದಿದ್ದ ಭಾವ. "ಕೆಟ್ರೆ, ಕೂದಲು ಬೆಳ್ಳಗಾಗೋವರೆಗೂ ಆ ನೀಲಿ ಪರದೆ ಮುಂದೇನೇ. ಆಮೇಲೆ ನನ್ನ ತಂಗಿ ಕೈಲಿ ಹೇಳಿಸ್ಬೇಡ."

ಫ್ಲ್ಯಾಶಣ್ಣ ಒಂದು ವಾರ ಕೂತು ಕಲಿತ. ಕತ್ತಲ ಜಾಗದಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ನಾಲ್ಕು ನಿಮಿಷ ಅದರ ಕಣ್ಣು ತೆರೆದೇ ಇಡಬೇಕು. ಇರುವ ಚೂರುಪಾರು ಬೆಳಕನ್ನೇ ಅದು ನಿಧಾನಕ್ಕೆ ಕುಡಿಯುತ್ತದೆ. ಇದರಲ್ಲೊಂದು ಮೋಜಿತ್ತು. ಅಲ್ಲಾಡದೆ ಇದ್ದದ್ದು ಮಾತ್ರ ಫೋಟೋದಲ್ಲಿ ಬೀಳುತ್ತದೆ. ಓಡಾಡುತ್ತಿದ್ದವರ ಗುರುತೂ ಸಿಗುವುದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅವನು ಚರ್ಚಿಗೆ ಬಂದ. ಮೇಲಿನ ಕಿಟಕಿಗಳಿಂದ ಬೆಳಕು ಬರುವುದು ಹನ್ನೊಂದರವರೆಗೆ ಮಾತ್ರ. ಫಾದರ್ ಊರಲ್ಲಿರಲಿಲ್ಲ, ಮಧ್ಯಾಹ್ನ ಸ್ಟುಡಿಯೋಗೇ ಬಂದು ಫೋಟೋ ನೋಡುವವರಿದ್ದರು. ಬೀಗದ ಕೈ ಇದ್ದದ್ದು ಕಮಿಟಿ ಸೆಕ್ರೆಟರಿಯ ಬಳಿ. ಅವರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಇದ್ದ ಎಂಟು ಕೂದಲಿಗೂ ಬಣ್ಣ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದೆ ಹೊಸ ಸೀರೆಯ ಹಾಡಿನ ಟೀಚರ್, ಅವರ ಹಿಂದೆ ಗಂಟೆ ಹೊಡೆಯುವ ತಾತ, ಇಬ್ಬರೂ ಕಮಿಟಿಯವರೇ.

"ಎಲ್ಲಿ ನಿಲ್ಲೋಣ?" ಎಂದರು ಸೆಕ್ರೆಟರಿ.

"ಸಾರ್, ಫಾದರ್ ಯಾರೂ ಬೇಡ ಅಂದಿದಾರೆ..."

"ಫಾದರ್ ಹಾಗೇ ಅಂತಾರೆ. ಮೂವತ್ತು ವರ್ಷ ಈ ಚರ್ಚಿಗೆ ದುಡಿದಿದೀನಿ, ಪುಸ್ತಕದಲ್ಲಿ ನನ್ನ ಮುಖ ಬೇಡ್ವಾ?" ಎಂದು ಅವರು ಬೀಗದ ಕೈಯನ್ನು ಮತ್ತೆ ಜೇಬಿಗೆ ಇಳಿಸಿದರು.

"ನನ್ನ ಮುಖದ ಎಡಗಡೆ ಚೆನ್ನಾಗಿರುತ್ತೆ," ಎಂದರು ಟೀಚರ್.

ಫ್ಲ್ಯಾಶಣ್ಣನ ಬಾಯಲ್ಲಿ ಬಿಸಿತುಪ್ಪ. ಆದರೆ ಆ ಕ್ಷಣ ಅವನಿಗೆ ಕಲಿತ ಗುಟ್ಟು ನೆನಪಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಖಂಡಿತ ಬನ್ನಿ," ಎಂದ. "ಆದ್ರೆ ಒಂದು ಮಾತು. ಸುಮ್ನೆ ನಿಂತ್ರೆ ಗೊಂಬೆ ಥರ ಕಾಣ್ತೀರಾ. ಈಗೆಲ್ಲಾ ಸಹಜವಾಗಿರ್ಬೇಕು. ನಾಲ್ಕು ನಿಮಿಷ ಓಡಾಡ್ತಾನೇ ಇರಿ, ಎಲ್ಲೂ ನಿಲ್ಬೇಡಿ."

ಮೂವರಿಗೂ ಖುಷಿಯಾಯಿತು. ಬಾಗಿಲು ತೆರೆಯಿತು. ಒಳಗೆ ಕತ್ತಲೆಂದರೆ ಅಂಥ ಕತ್ತಲು, ಫ್ಲ್ಯಾಶಣ್ಣ ತನ್ನದೇ ಚೀಲಕ್ಕೆ ಎಡವಿದ. ಮುಖ್ಯ ಬಾಗಿಲ ಪಕ್ಕ ಸ್ಟ್ಯಾಂಡ್ ನಿಲ್ಲಿಸಿ, ಪೀಠದ ಕಡೆಗೆ ಕ್ಯಾಮೆರಾ ತಿರುಗಿಸಿ ಗುಂಡಿ ಒತ್ತಿದ.

ಎರಡು ನಿಮಿಷ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಪಟಪಟನೆ ಮಿನುಗಿ ಟ್ಯೂಬ್‌ಲೈಟ್ ಹತ್ತಿತು.

"ಪಾಪ, ಕತ್ತಲಲ್ಲಿ ಒದ್ದಾಡ್ತಾ ಇದೀಯಲ್ಲೋ ಮಗಾ," ಎಂದ ತಾತ, ಸ್ವಿಚ್ಚಿನ ಮೇಲೆ ಕೈಯಿಟ್ಟು.

ಎರಡನೇ ಸಲ ಟೀಚರ್ ಓಡಾಡುತ್ತಾ ಓಡಾಡುತ್ತಾ ಸ್ಟ್ಯಾಂಡಿನ ಕಾಲಿಗೆ ಸೆರಗು ಸಿಕ್ಕಿಸಿಕೊಂಡು ಕ್ಯಾಮೆರಾವನ್ನೂ ಜೊತೆಗೆ ಕರೆದುಕೊಂಡು ಹೊರಟರು. ಫ್ಲ್ಯಾಶಣ್ಣ ಹಾರಿ ಹಿಡಿದದ್ದರಿಂದ ಅದರ ಜೀವ ಉಳಿಯಿತು. ಮೂರನೇ ಸಲ ಸೆಕ್ರೆಟರಿ, ಫೋಟೋ ತೆಗೆಯುವವನದ್ದೂ ಒಂದು ಫೋಟೋ ಇರಲಿ ಎಂಬ ಪ್ರೀತಿಯಿಂದ ತಮ್ಮ ಮೊಬೈಲಿನ ಫ್ಲ್ಯಾಶನ್ನು ಕ್ಯಾಮೆರಾದ ಮೂತಿಗೇ ಹೊಡೆದರು.

ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಫ್ಲ್ಯಾಶಣ್ಣನ ಕಣ್ಣ ಮುಂದೆ ನೀಲಿ ಪರದೆ ತೂಗಾಡತೊಡಗಿತು. ಅಳುವೊಂದು ಬಾಕಿ. ಮೊಬೈಲು ಜೇಬಿಗೆ ಹಾಕಿಸಿ, ಟೀಚರಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ, ತಾತನನ್ನು ಸ್ವಿಚ್ಚಿನಿಂದ ದೂರ ಕಳಿಸಿ, ಕೊನೆಯ ಸಲ ಗುಂಡಿ ಒತ್ತಿದ.

ಐದು ಸೆಕೆಂಡೂ ಆಗಿರಲಿಲ್ಲ, ಪೀಠದ ಪಕ್ಕದ ಹಳೇ ಮರದ ಬಾಗಿಲು ಗಾಳಿಗೆ ಕಿರ್ರೆಂದಿತು. ಅದು ತೆರೆದರೆ ಹೊರಗಿನ ಬಿಸಿಲೆಲ್ಲ ಒಳಗೆ ನುಗ್ಗಿ ಫೋಟೋ ಸುಣ್ಣ ಬಳಿದ ಗೋಡೆಯಾಗುತ್ತದೆ. ಫ್ಲ್ಯಾಶಣ್ಣ ಬೆಂಚುಗಳ ನಡುವೆ ಬಿದ್ದಂಬೀಳ ಓಡಿ, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಕಾಲೂರಿ ನಿಂತ. ಬೆವರು ಮೂಗಿಗೆ ಇಳಿದರೂ ಒರೆಸಲಿಲ್ಲ. ಕ್ಯಾಮೆರಾ ತಾನೇ ಕಣ್ಣು ಮುಚ್ಚಿದ ಸದ್ದು ಕೇಳಿದಾಗ ಅವನಿಗೆ ಸ್ವರ್ಗ ಮೂರೇ ಗೇಣು.

ಮಧ್ಯಾಹ್ನ ಸ್ಟುಡಿಯೋದ ಕಂಪ್ಯೂಟರಿನ ದೊಡ್ಡ ಪರದೆಯ ಮುಂದೆ ಫಾದರ್, ಭಾವ, ಕಮಿಟಿಯ ಮೂವರೂ ಸೇರಿದರು. ಫೋಟೋ ತೆರೆಯಿತು. ಎಲ್ಲರೂ ಉಸಿರು ಬಿಗಿಹಿಡಿದರು. ಕಣ್ಣಿಗೇ ಕಾಣದಿದ್ದ ಕಮಾನುಗಳು, ಗೋಡೆಯ ಚಿತ್ರದ ಮಾಸಲು ಕೆಂಪು, ಬೆಂಚುಗಳ ನುಣುಪು, ಎಲ್ಲ ಜೇನಿನ ಬಣ್ಣದಲ್ಲಿ ಅರಳಿದ್ದವು. ಓಡಾಡಿದವರ ನೆರಳೂ ಇರಲಿಲ್ಲ.

"ಎಷ್ಟು ಚೆಂದ!" ಎಂದರು ಫಾದರ್. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು. "ಇದು ಯಾವ ಸಂತರ ಮೂರ್ತಿ? ನಮ್ಮ ಚರ್ಚಲ್ಲಿ ಇಲ್ವಲ್ಲ. ಹೊಟ್ಟೆ ಬೇರೆ ಸ್ವಲ್ಪ ಮುಂದಿದೆ."

ಭಾವನೂ ಬಗ್ಗಿ ನೋಡಿದ. "ಸಂತ ಅಲ್ಲ ಫಾದರ್. ನನ್ನ ತಂಗಿ ಗಂಡ."

ಬದುಕಿಡೀ ಕ್ಯಾಮೆರಾದ ಹಿಂದೆಯೇ ಇದ್ದವನಿಗೆ, ತಾನೂ ಅದರ ಮುಂದೆ ಬೀಳಬಲ್ಲ ವಸ್ತು ಎಂಬುದು ಹೊಳೆದೇ ಇರಲಿಲ್ಲ. ಬಾಗಿಲಿಗೆ ಆತು, ಕೈ ಅಗಲಿಸಿ, ಕಲ್ಲಿನ ಹಾಗೆ ನಿಂತಿದ್ದ.

"ಕಂಪ್ಯೂಟರ್‌ನಲ್ಲಿ ಅಳಿಸಿಬಿಡ್ತೀನಿ," ಎಂದು ತೊದಲಿದ.

"ಆ ಬಾಗಿಲಿನ ಕೆತ್ತನೆ ನಿಮ್ಮ ಬೆನ್ನ ಹಿಂದೆ ಹೋಗಿದೆ. ಇಲ್ಲದ ಕೆತ್ತನೆ ಬರೆದು ಸೇರಿಸೋದು ಬೇಡ," ಎಂದರು ಫಾದರ್. ಆದರೆ ಅವರು ಕರುಣೆಯ ಮನುಷ್ಯ. "ನಾಳೆ ಇನ್ನೊಂದ್ಸಲ ತೆಗೀರಿ. ನಾನಂತೂ ಇರಲ್ಲ, ಸೆಕ್ರೆಟರಿ ಬಾಗಿಲು ತೆಗೀತಾರೆ. ಆದ್ರೆ ನೆನಪಿರ್ಲಿ, ಒಬ್ರೂ ಇರ್ಬಾರ್ದು."

"ಇದೇ ಕೊನೆ," ಎಂದ ಭಾವ.

ಫ್ಲ್ಯಾಶಣ್ಣನಿಗೆ ಹೋದ ಜೀವ ಬಂದಂತಾಯಿತು. ಆದರೆ ಟೀಚರ್ ಪರದೆಯಿಂದ ಕಣ್ಣು ಕಿತ್ತಿರಲಿಲ್ಲ.

"ನಾವೆಲ್ಲಾ ಎಲ್ಲಿ ಹೋದ್ವಿ? ಇವನೊಬ್ಬ ಹೇಗೆ ಬಂದ?"

"ಅದೇನು ದೊಡ್ಡ ವಿಷ್ಯ?" ಎಂದ ತಾತ. "ನಾವು ಓಡಾಡಿದ್ವಿ. ಅವನು ಅಲ್ಲಾಡದೆ ನಿಂತಿದ್ದ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗಳವಾಗಲಿಲ್ಲ, ಬೈಗುಳವಿಲ್ಲ. ಎದ್ದು ಸದ್ದಿಲ್ಲದೆ ಹೊರಟುಹೋದರು.

ಸಂಜೆ ಆ ಬಾಗಿಲಿಗೊಂದು ಚಿಲಕ ಹಾಕಿಸೋಣವೆಂದು ಅವನು ಚರ್ಚಿಗೆ ಹೋದ. ಮುಂದಿನ ಬೆಂಚಿನಲ್ಲಿ ಕಮಿಟಿಗೆ ಕಮಿಟಿಯೇ ಕೂತಿತ್ತು, ಹನ್ನೊಂದು ಜನ, ಸಾಲಾಗಿ. ಟೀಚರ್ ಮುಖದ ಎಡಗಡೆ ತೋರಿಸಿಕೊಂಡು ಕೂತಿದ್ದರು. ತಾತ ಕೈಯಲ್ಲಿ ಗಡಿಯಾರ ಹಿಡಿದಿದ್ದ.

"ಸಾರ್, ಏನಿದು?" ಎಂದ ಫ್ಲ್ಯಾಶಣ್ಣ.

ಸೆಕ್ರೆಟರಿಯ ಮೂಗಿನ ಮೇಲೆ ಒಂದು ನೊಣ ಕೂತು ಆರಾಮವಾಗಿ ಕೈ ಉಜ್ಜಿಕೊಳ್ಳುತ್ತಿತ್ತು. ಅವರು ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಆರು ನಿಮಿಷ," ಎಂದ ತಾತ, ತುಟಿ ಅಲ್ಲಾಡಿಸದೆ.