ಗ್ಯಾಸ್ಕೆಟ್ ಬದಲಿಸಿದ ಭಾನುವಾರ

ಯಂತ್ರಗಳ ಬಗ್ಗೆ ನನಗಿರುವುದು ಭಕ್ತಿಯೇ ಹೊರತು ತಿಳಿವಳಿಕೆಯಲ್ಲ. ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿದರೂ ಒಂದು ಗಳಿಗೆ ನಿಂತು ನೋಡುತ್ತೇನೆ. ಕಾರಿನ ಬಾನೆಟ್ ಎತ್ತಿದಾಗಲಂತೂ ಪರರ ಮನೆಯ ದೇವರ ಕೋಣೆಗೆ ಇಣುಕಿದ ಹಾಗೆ ಸಂಕೋಚವಾಗಿ, ನೀರಿದೆಯೇ ಎಂದಷ್ಟೇ ನೋಡಿ ಮುಚ್ಚಿಬಿಡುತ್ತೇನೆ. ಇಂಥವನ ಪಾಲಿಗೆ ನಮ್ಮ ಮಾವನವರ ಹಳೆಯ ಕಾರು ಬಂದದ್ದು ಅದರ ಹಣೆಬರಹ. ಮಾವ ತೀರಿಕೊಂಡ ಮೇಲೆ ಔರಾದಿನಲ್ಲಿರುವ ಅತ್ತೆ ಅದರ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ಹುಷಾರಾಗಿ ಇಟ್ಕೋರಿ ಅಳಿಯಂದ್ರ, ಇದರ ಮ್ಯಾಲ ಅವರ ಜೀವಿತ್ತು" ಎಂದಿದ್ದರು. ಅಂದಿನಿಂದ ಬೀದರಿನ ನಮ್ಮ ಮನೆಯಿಂದ ಭಾಲ್ಕಿಯ ಕಾಲೇಜಿಗೆ, ಇತಿಹಾಸದ ಪಾಠ ಹೇಳಲು, ಅದರಲ್ಲೇ ಓಡಾಡುತ್ತೇನೆ.

ಈ ಬೇಸಿಗೆಯಲ್ಲಿ ಕಾರು ಬಾಯಿ ಬಿಡತೊಡಗಿತು. ಮೊದಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಯಾರೋ ಉಗುರಿನಿಂದ ತಗಡು ಬಡಿದಂತೆ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಎಂಥ ಗರ್ಜನೆ ಶುರುವಾಯಿತೆಂದರೆ, ನಾನು ಇನ್ನೂ ರೈಲ್ವೆ ಗೇಟಿನ ಆಚೆಗಿರುವಾಗಲೇ ವಿದ್ಯಾರ್ಥಿಗಳು ತರಗತಿಯೊಳಗೆ ಹೋಗಿ ಕೂರತೊಡಗಿದರು. ನನ್ನ ತರಗತಿಯಲ್ಲಿ ಶಿಸ್ತು ಬಹಳ ಸುಧಾರಿಸಿದೆಯೆಂದು ಪ್ರಿನ್ಸಿಪಾಲರು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆದರೆ ಸದ್ದಿನ ಹಿಂದೆಯೇ ಹೊಗೆಯ ವಾಸನೆಯೂ ಕಾರಿನೊಳಗೆ ಬರಲು ಹತ್ತಿದಾಗ ವಿನಯ ಸಾಲದಾಯಿತು.

ನಮ್ಮ ಓಣಿಯ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಸೈಲೆನ್ಸರ್ ಪೈಪ್ ಎಂಜಿನ್ನಿಗಿ ಕೂಡೋ ಕಡೆ ಗ್ಯಾಸ್ಕೆಟ್ ಸುಟ್ಟದ್ರಿ ಸರ್. ನಾ ತಂಗಿ ಶಾದಿಗಿ ಕಮಲನಗರಕ್ಕ ಹೊಂಟೇನಿ. ಬಂದಿಂದ ಮಾಡ್ತೇನಿ" ಎಂದು ಹೊರಟೇಹೋದ. ಅದೇ ದಿನ ಅತ್ತೆಯ ಫೋನ್ ಬಂತು. ಅವರಿಗೆ ಮೊದಲಿನಿಂದಲೂ ದಮ್ಮು. ಈಗ ಹೆಚ್ಚಾಗಿದೆ, ಸೋಮವಾರ ಬೀದರಿನ ಡಾಕ್ಟರಿಗೆ ತೋರಿಸಬೇಕು, ಬಸ್ಸಿನ ಗದ್ದಲದಲ್ಲಿ ಬರಲಾಗದು, ಕಾರು ತನ್ನಿ ಎಂದರು. ಬೇರೆ ಗಾಡಿ ಗೊತ್ತು ಮಾಡುತ್ತೇನೆಂದರೆ ಒಪ್ಪಲಿಲ್ಲ. "ಅವರ ಗಾಡಿ ಇರೂವಾಗ ಬ್ಯಾರೇದು ಯಾಕರಿ?"

ನನ್ನ ಹೆಂಡತಿ ಸುಗುಣಾ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಅವಳು ಶಾಂತವಾಗಿ ಹೇಳಿದಳು: "ದಮ್ಮಿರೋ ಅವ್ವನ್ನ ಈ ಹೊಗಿಯೊಳಗ ಕೂಡಿಸ್ಕೊಂಡು ಬರ್ಲಿಕ್ಕೆ ಆಗೂದಿಲ್ರಿ. ನಾವೇ ಬಿಚ್ಚೂಣು."

ಆ 'ನಾವೇ' ಎಂಬ ಮಾತು ಕೇಳಿ ನನಗೆ ಬೆವರು ಬಂತು. ಜೋಡಣೆಯ ನಡುವೆ ಹೊಗೆ ಸೋರದಂತೆ ಕೂಡಿಸುವ ತೆಳು ಹಾಳೆಯನ್ನು, ಅಂದರೆ ಹೊಸ ಗ್ಯಾಸ್ಕೆಟ್ಟನ್ನು, ಅವಳಾಗಲೇ ಅಂಗಡಿಯಿಂದ ತಂದಿದ್ದಳು. ಮೊಬೈಲಿನಲ್ಲಿ ಯಾರೋ ಗಡ್ಡದವನು ಇದೇ ಕೆಲಸ ಮಾಡುವ ವಿಡಿಯೋವನ್ನು ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು.

ಭಾನುವಾರ ಚರ್ಚಿನಿಂದ ಬಂದವಳೇ ಹಳೆಯ ಚೂಡಿದಾರ ತೊಟ್ಟು, ಕೈಗೆ ಗ್ಲೌಸ್ ಏರಿಸಿ ಅಂಗಳಕ್ಕಿಳಿದಳು. ಎಂಜಿನ್ ತಣ್ಣಗಾಗಿದೆಯೇ ಎಂದು ನೋಡಿ, ಬ್ಯಾಟರಿಯ ವೈರ್ ಕಳಚಿದಳು. ನನಗೆ ವಹಿಸಿದ ಕೆಲಸ ಸ್ಟೀಲ್ ತಟ್ಟೆ ಹಿಡಿದು ನಿಲ್ಲುವುದು ಮತ್ತು ನಟ್ಟು ಬಿಚ್ಚುವ ಪಾನಾಗಳಲ್ಲಿ ಅವಳು ಕೇಳಿದ್ದನ್ನು ಕೊಡುವುದು. ನಟ್ಟುಗಳು ಒಂದೊಂದಾಗಿ ತಟ್ಟೆಗೆ ಬಂದವು. ಮೂಲೆಯದೊಂದು ಮಾತ್ರ ತುಕ್ಕು ಹಿಡಿದು ಕೂತಿತ್ತು. ಗಂಡಸುತನ ತೋರಿಸಲು ಇದೇ ಸಮಯವೆಂದು ನಾನು ಪಾನಾ ಕಸಿದುಕೊಂಡು ಜಗ್ಗಿದೆ. ಪಾನಾ ಜಾರಿತು, ನನ್ನ ಬೆರಳಿನ ಗಿಣ್ಣು ಸುಲಿಯಿತು, ನಟ್ಟು ಅಲ್ಲೇ ಇತ್ತು. ಸುಗುಣಾ ಮೊದಲು ನನ್ನ ಬೆರಳಿಗೆ ಪಟ್ಟಿ ಕಟ್ಟಿದಳು.

"ಜಬರದಸ್ತಿ ಮಾಡಬ್ಯಾಡ್ರಿ. ಮುರದು ಅರ್ಧ ಒಳಗ ಉಳೀತಂದ್ರ ನಾಳೆ ಔರಾದಕ್ಕ ಹೋಗೂದೇ ಇಲ್ಲ."

ಆ ನಟ್ಟಿಗೆ ಎಣ್ಣೆ ಬಿಟ್ಟಳು. ಚಹಾ ಕುಡಿದೆವು. ಮತ್ತೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದಿಷ್ಟು ಬಿಚ್ಚಿ, ಒಂದಿಷ್ಟು ಬಿಗಿದು, ಮತ್ತೆ ಬಿಚ್ಚಿ, ಅಳುವ ಕೂಸನ್ನು ಸಮಾಧಾನ ಮಾಡುವಂತೆ ಅದನ್ನು ಹೊರಗೆ ತಂದಳು.

ಹೊಗೆಯನ್ನು ಒಯ್ಯುವ ಕವಲುಗೊಳವೆಯನ್ನು ಎಂಜಿನ್ನಿನಿಂದ ಬೇರ್ಪಡಿಸಿದಾಗ ಅದರ ಹಿಂದೆ ಸಾಲಾಗಿ ಕಪ್ಪು ತೂತುಗಳು ಕಂಡವು. ಅವೇನೆಂದು ಕೇಳಿದೆ.

"ಒಳಗ ಉರಿದ ಬೆಂಕಿ ಇಲ್ಲಿಂದ ಹೊರಗ ಬರ್ತದ್ರಿ," ಎಂದಳು.

ನಾನು ಬಗ್ಗಿ ನೋಡಿದೆ. ಬಹಮನಿಗಳ ತೋಪುಗಳ ಬಗ್ಗೆ ನಾನು ಗಂಟೆಗಟ್ಟಲೆ ಪಾಠ ಹೇಳುವವನು. ಒಂದು ಸಲ ಸಿಡಿದರೆ ಮತ್ತೆ ಮದ್ದು ತುಂಬಿ ಕಾಯಬೇಕಾದ ತೋಪುಗಳು ಅವು. ಇಲ್ಲಿ, ನನ್ನ ಮೊಣಕಾಲಿನ ಮುಂದೆ, ಇಷ್ಟು ಕಿರಿದಾದ ಜಾಗದಲ್ಲಿ, ಒಂದರ ಸರದಿ ಮುಗಿದ ಮೇಲೆ ಇನ್ನೊಂದು, ಎಣಿಸಲಾಗದಷ್ಟು ವೇಗದಲ್ಲಿ ಬೆಂಕಿ ಸಿಡಿಯುತ್ತಿತ್ತು. ಅದರ ಹಿಂದೆ ಕೂತು ನಾನು ಭಾಲ್ಕಿಯವರೆಗೂ ಡಬ್ಬಿಯಲ್ಲಿ ಇವತ್ತು ಯಾವ ಪಲ್ಯ ಇರಬಹುದೆಂದು ಯೋಚಿಸುತ್ತಿದ್ದೆ. ಅಷ್ಟು ಬೆಂಕಿಯನ್ನು ನನ್ನ ಕಡೆ ಬಾರದಂತೆ ತಡೆದು ನಿಲ್ಲಿಸಿದ್ದು ಹಪ್ಪಳದಷ್ಟು ತೆಳುವಾದ ಈ ಗ್ಯಾಸ್ಕೆಟ್. ಸುಟ್ಟು ಕರಕಲಾದ ಅದರ ಚೂರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

ಸುಗುಣಾಳೂ ಬಗ್ಗಿ ಆ ತೂತುಗಳನ್ನು ನೋಡಿದಳು. "ಅಪ್ಪ ನನ್ನ ನರ್ಸಿಂಗ್ ಓದಲಿಕ್ಕಿ ಬಿಡಾಕ ಬಂದಿದ್ದು ಇದರಾಗೇ," ಎಂದಳು. "ದಾರಿ ತುಂಬ ಅತ್ತಿದ್ದೆ. ಆಗೂ ಇವು ಹಿಂಗೇ ಉರೀತಿದ್ವು."

ಆಮೇಲೆ ಅವಳು ಆ ತೂತುಗಳಿಗೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ತುರುಕಿದಳು, ಒಳಗೆ ಕಸ ಬೀಳಬಾರದೆಂದು. ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಕೆರೆದು, ಒರೆಸಿ, ಬೆರಳಾಡಿಸಿ ನೋಡಿದಳು. ಬಟ್ಟೆ ತೆಗೆದು ಹೊಸದನ್ನು ಕೂಡಿಸಿ, ಅದರ ಮೇಲೆ ಕೊಳವೆಯನ್ನಿಟ್ಟಳು. ನಟ್ಟುಗಳನ್ನು ನಡುವಿನಿಂದ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಅವಳು ಆಸ್ಪತ್ರೆಯಲ್ಲಿ ಏನು ಮಾಡುತ್ತಾಳೆಂದು ಮದುವೆಯಾದಂದಿನಿಂದ ಕೇಳುತ್ತಲೇ ಬಂದಿದ್ದೆ. ಆ ಕೈಗಳು ಕೆಲಸದಲ್ಲಿರುವುದನ್ನು ನೋಡಿದ್ದು ಅಂದೇ.

ಬ್ಯಾಟರಿಯ ವೈರ್ ಮತ್ತೆ ಜೋಡಿಸಿ, "ಚಾಲೂ ಮಾಡ್ರಿ," ಎಂದಳು. ಕೀಲಿ ತಿರುವಿದೆ. ಸದ್ದೇ ಇಲ್ಲ. ಕೆಟ್ಟೇ ಹೋಯಿತೆಂದು ಇನ್ನೊಮ್ಮೆ ತಿರುವಿದೆ. ಎಂಜಿನ್ ಕರ್ರೆಂದು ಕಿರುಚಿತು.

"ಚಾಲೂ ಆಗ್ಯದ್ರಿ, ಮತ್ತ್ಯಾಕ ತಿರುವ್ತೀರಿ?" ಎಂದ ಸುಗುಣಾ ಜೋಡಣೆಯ ಸುತ್ತ, ತಾಗದಂತೆ, ಅಂಗೈ ಆಡಿಸಿ, "ಹವಾ ಬರೂದಿಲ್ಲ" ಎಂದು ಗ್ಲೌಸ್ ಕಳಚಿದಳು.

ಸೋಮವಾರ ಔರಾದಿನ ಮನೆಯ ಮುಂದೆ ನಿಂತು ಹಾರ್ನ್ ಹಾಕುವವರೆಗೂ ಅತ್ತೆಗೆ ನಾವು ಬಂದದ್ದೇ ತಿಳಿಯಲಿಲ್ಲ. ಒಳಗೆ ಕೂತು ಉಸಿರೆಳೆದು ನೋಡಿ, "ಅವರಿದ್ದಾಗ ಹಿಂಗ ಇತ್ತು. ಯಾರು ಮಾಡಿದ್ರು?" ಎಂದರು.

"ಇವರೇ ಮಾಡ್ಯಾರವ್ವ," ಎಂದಳು ಸುಗುಣಾ, ನನ್ನ ಬೆರಳಿನ ಪಟ್ಟಿ ತೋರಿಸಿ. ಅತ್ತೆ ನನ್ನ ಕಡೆ ನೋಡಿದ ನೋಟ ಎಷ್ಟು ಹಿತವಾಗಿತ್ತೆಂದರೆ ತಿದ್ದಲು ಮನಸ್ಸಾಗಲಿಲ್ಲ. ರಸ್ತೆಯಲ್ಲೇ ಕಣ್ಣಿಟ್ಟು ಓಡಿಸಿದೆ.

ಡಾಕ್ಟರು ಮದ್ದು ಕೊಟ್ಟರು, ಅತ್ತೆಯ ಉಸಿರು ಹದಕ್ಕೆ ಬಂತು. ಕೆಲವು ದಿನ ನಮ್ಮಲ್ಲಿದ್ದು ಹೊರಟಾಗ ಸುಗುಣಾಳಿಗೆ ಡ್ಯೂಟಿ ಇತ್ತು. ನಾನೊಬ್ಬನೇ ಬಿಡಲು ಹೋದೆ. ಔರಾದಿನಲ್ಲಿ ಅವರ ಮನೆಯ ಮುಂದೆ ಒಂದು ಜೀಪು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಹಿಂದೆ ಒಂದು ಟ್ರ್ಯಾಕ್ಟರು. ಅಳಿಯ ಕಾರು ರಿಪೇರಿ ಮಾಡಿದ ಸುದ್ದಿಯನ್ನು ಅತ್ತೆ ಬೀದರಿನಿಂದಲೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದರು. ಜೀಪಿನ ಯಜಮಾನರು ನನ್ನ ಕೈಗೆ ಪಾನಾ ಕೊಟ್ಟು, "ನೋಡ್ರಿ ಸರ್, ನೀವು ಹೇಳಿದಂಗ ಮಾಡೂಣು" ಎಂದು ಭಕ್ತಿಯಿಂದ ಪಕ್ಕಕ್ಕೆ ನಿಂತರು.

ನಾನು ಎಂಜಿನ್ನನ್ನು ಗಂಭೀರವಾಗಿ ಬಹಳ ಹೊತ್ತು ನೋಡಿದೆ. ಕಡೆಗೆ ಕೇಳಿದೆ: "ನಿಮ್ಮ ಮನ್ಯಾಗ ಯಾರಾದ್ರೂ ನರ್ಸ್ ಅದಾರೇನ್ರಿ?"