ತಲೆಗೇರದ ಔಷಧಿ

ಇಲಿ ಕೊಸರಿಕೊಂಡಿತು, ಸೂಜಿ ಇಲಿಮೇಷ್ಟ್ರ ಹೆಬ್ಬೆರಳಿಗೆ ಇಳಿಯಿತು.

ಪ್ರಯೋಗಾಲಯದಲ್ಲಿ ಅವರಿಗೆ ಆ ಅಡ್ಡಹೆಸರು ಬಿದ್ದು ವರ್ಷಗಳೇ ಆಗಿದ್ದವು. ಭ್ರಮೆ ಹುಟ್ಟಿಸುವ ಔಷಧಿ ಕೊಟ್ಟರೆ ಇಲಿಗಳು ನೆನೆದ ನಾಯಿಯಂತೆ ತಲೆ ಕೊಡವುತ್ತವೆ. ಅಂಥದೊಂದು ಔಷಧಿಯ ಅಣುವಿನ ಬಾಲ ತಿರುಚಿ ಮೇಷ್ಟ್ರು ಅದರದೇ ದಾಯಾದಿಯೊಂದನ್ನು ತಯಾರಿಸಿದ್ದರು. ಅದೂ ಮೆದುಳಿನ ಸೆರಟೋನಿನ್ ಗ್ರಾಹಕವೆಂಬ ಕುರ್ಚಿಯ ಮೇಲೆಯೇ ಹೋಗಿ ಕೂರುತ್ತದೆ, ಆದರೆ ಭ್ರಮೆ ಹುಟ್ಟಿಸುವುದಿಲ್ಲ, ಮುಂದೆ ಖಿನ್ನತೆಗೆ ಮದ್ದಾದೀತು ಎಂಬುದು ಅವರ ವಾದ. "ಕುರ್ಚಿ ಹಿಡಿದು ಕೂತು ಗಲಾಟೆ ಮಾಡದೇ ಇರೋದನ್ನ ನನ್ನಿಂದಲೇ ಕಲಿತಿದೆ" ಎಂದು ತಾವೇ ನಗುತ್ತಿದ್ದರು.

ಸಿರಿಂಜು ತುಂಬಿದ್ದ ಸಹಾಯಕಿ, "ಯಾವ ಬಾಟಲಿದು ಅಂತ ನೋಡ್ಕೊಂಡು ಬರ್ತೀನಿ" ಎಂದು ಶೀತಕೋಣೆಗೆ ಓಡಿದಳು. ಆ ಕೋಣೆಯ ಬೀಗದ ಕೈ ಯಾರ ಹತ್ತಿರವಿದೆಯೆಂದು ಹುಡುಕುವುದೇ ಅಲ್ಲೊಂದು ಸಂಶೋಧನೆ.

ಅಷ್ಟರಲ್ಲಿ ಸುದ್ದಿ ಹಬ್ಬಿ, ಕಚೇರಿಯ ಗುಮಾಸ್ತ ಚಹಾ ಲೋಟದ ಸಮೇತ ಬಂದು ಎದುರು ನಿಂತ. "ಮೇಷ್ಟ್ರೇ, ನಾನು ಹೇಗೆ ಕಾಣ್ತಿದೀನಿ?"

"ಬಿಸಿಲು ಕಾಯಿಸ್ತಿರೋ ಎಮ್ಮೆ ಥರ" ಎಂದರು ಮೇಷ್ಟ್ರು ರೇಗಿ.

ಗುಮಾಸ್ತನಿಗೆ ಸಿಟ್ಟೇ ಬರಲಿಲ್ಲ. "ಪಾಪ, ಏರಿಬಿಟ್ಟಿದೆ" ಎಂದು ತನ್ನ ಚಹಾವನ್ನೇ ಅವರ ಕೈಗಿತ್ತ.

ಮೇಷ್ಟ್ರಿಗೆ ಹೊಸ ಲೋಕ ಕಂಡಿತು. ತಲೆ ಎಂದಿನಂತೆಯೇ ಇತ್ತು, ಆದರೆ ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಇವತ್ತು ಅಂದುಬಿಡಬಹುದು, ಮೇಲೆ ಚಹಾವೂ ಸಿಗುತ್ತದೆ. ಆಗಲೇ ಸಂಸ್ಥೆಯ ನಿರ್ದೇಶಕರು ಬಂದರು.

"ಸರ್, ನಿಮ್ಮ ಹೊಸ ಪುಸ್ತಕ ಓದಿದೆ. ಇಲಿಗಳಿಗೆ ಓದಿ ಹೇಳಿದ್ರೆ ಔಷಧಿ ಇಲ್ದೇನೇ ತಲೆ ಕೊಡವ್ತವೆ" ಎಂದರು ಮೇಷ್ಟ್ರು.

ನಿರ್ದೇಶಕರು ಅವರ ಹೆಗಲ ಮೇಲೆ ಕೈಯಿಟ್ಟರು. "ಬೇಜಾರಿಲ್ಲ. ಇದು ನಿಮ್ಮ ಮಾತಲ್ಲ, ಔಷಧಿ ಆಡಿಸ್ತಿರೋದು. ಅಂದ್ರೆ ಇದೂ ತಲೆಗೇರುತ್ತೆ ಅಂತಾಯ್ತು. ಇವತ್ತಿಗೇ ಈ ಕೆಲಸ ನಿಲ್ಲಿಸಿಬಿಡೋಣ."

ಈಗ ಮೇಷ್ಟ್ರು ಉಳಿಯಬೇಕು, ಇಲ್ಲವೇ ಔಷಧಿ ಉಳಿಯಬೇಕು. ಹೆತ್ತ ತಾಯಿಯಂತೆ ಔಷಧಿಯನ್ನೇ ಆರಿಸಿಕೊಂಡು ಎದ್ದು ನಿಂತರು.

"ಇಲ್ಲ ಸರ್, ಅದು ಏನೂ ಮಾಡಿಲ್ಲ. ಎಮ್ಮೆ ಅಂದದ್ದು ನಾನೇ. ಪುಸ್ತಕದ ಮಾತೂ ನಂದೇ. ಪೂರ್ತಿ ಎಚ್ಚರದಲ್ಲೇ ಅಂದದ್ದು."

ಗುಮಾಸ್ತ ಚಹಾ ಲೋಟವನ್ನು ಮೆಲ್ಲಗೆ ವಾಪಸು ತೆಗೆದುಕೊಂಡ. ನಿರ್ದೇಶಕರ ಕೈ ಹೆಗಲಿನಿಂದ ಜಾರಿತು. ಹೋಗಲಿ, ಔಷಧಿಯಾದರೂ ಬದುಕಿತಲ್ಲ ಎಂದು ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಸಹಾಯಕಿ ಏದುಸಿರು ಬಿಡುತ್ತ ಬಂದಳು.

"ಗಾಬರಿ ಬೇಡ ಸರ್. ಚುಚ್ಚಿದ್ದು ಬರೀ ಉಪ್ಪುನೀರು. ಹೋಲಿಸಿ ನೋಡೋಕೆ ಇಟ್ಟಿದ್ದು."

"ಹಾಗಾದ್ರೆ ಔಷಧಿ ಬಗ್ಗೆ ಏನೂ ಗೊತ್ತಾಗ್ಲಿಲ್ಲ" ಎಂದರು ನಿರ್ದೇಶಕರು.

"ಇಲ್ಲ ಸರ್."

ನಿರ್ದೇಶಕರು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರ ಬಗ್ಗೆ ಮಾತ್ರ ಗೊತ್ತಾಯ್ತು."